ಕುರ್ಚಿಯಕ್ಕನ ಹನ್ನೆರಡು ಕುರ್ಚಿಗಳು

ಬೀದಿಯವರು ಆಡಿಕೊಳ್ಳುತ್ತಿದ್ದ ಮಾತೊಂದಿತ್ತು: "ಕುರ್ಚಿಯಕ್ಕನ ಮನೇಲಿ ಕೂರೋಕೆ ಬೇಕಾದಷ್ಟು ಜಾಗ, ನಿಲ್ಲೋಕೆ ಮಾತ್ರ ಜಾಗ ಇಲ್ಲ."

ಸುಳ್ಳೇನಲ್ಲ. ಬಾಗಿಲು ತೆರೆದರೆ ಕುರ್ಚಿ, ಅಡುಗೆಮನೆಗೆ ತಿರುಗಿದರೆ ಕುರ್ಚಿಯ ಕಾಲು, ಮಂಚದ ಕೆಳಗೆ ಕುರ್ಚಿಯ ಬೆನ್ನು. ಅವಳ ಗಂಡ ಮಲಗುವ ಮುಂಚೆ ಎರಡನ್ನು ಎತ್ತಿಟ್ಟು, "ಕೈ ಹಿಡಿದಿದ್ದು ಒಬ್ಬಳನ್ನ, ಸಂಸಾರ ಮಾಡ್ತಿರೋದು ನಲವತ್ತೆಂಟು ಕಾಲಿನ ಜೊತೆ" ಎಂದು ಗೊಣಗುತ್ತಿದ್ದ. ಬೆಳಗಾದರೆ ಅದೇ ಮನುಷ್ಯ ಬೆತ್ತದ ಪಟ್ಟಿ ನೆನೆಹಾಕಿಕೊಂಡು ಸೀಟು ಹೆಣೆಯಲು ಕೂತಿರುತ್ತಿದ್ದ. ಮರದ ಕೆಲಸ ಅವಳದ್ದು, ಹೆಣಿಗೆ ಅವನದ್ದು.

ಇಪ್ಪತ್ತೆರಡು ವರ್ಷ ಅವಳು ಕಾರ್ಖಾನೆಯೊಂದರಲ್ಲಿ ಕುರ್ಚಿಯ ತೋಳು ಉಜ್ಜಿದವಳು. ಯಂತ್ರದಿಂದ ಇಳಿದ ತೋಳನ್ನು ಉಪ್ಪುಕಾಗದ ಹಿಡಿದು ನುಣ್ಣಗೆ ಮಾಡುವುದು, ಅಷ್ಟೇ. ಬೆನ್ನು ಇನ್ಯಾರದೋ, ಕಾಲು ಇನ್ಯಾರದೋ. "ಲಕ್ಷ ತೋಳು ಸವರಿದೀನಿ ಕಣ್ರೇ, ಒಂದು ಕುರ್ಚಿನೂ ನಂದು ಅಂತ ಇಲ್ಲ" ಎನ್ನುತ್ತಿದ್ದಳು. ಕಾರ್ಖಾನೆ ಮುಚ್ಚಿದ ವಾರವೇ ಗುಜರಿಯಿಂದ ಹಳೆಯ ಬಾಗಿಲೊಂದನ್ನು ತಂದು, ಕೊಯ್ದು, ಒಂದೂ ಮೊಳೆಯಿಲ್ಲದೆ ಬರೀ ಕೀಲು ಕೂಡಿಸಿ ಕುರ್ಚಿ ಮಾಡಿದಳು. ಮೊದಲನೆಯದು ಕುಡಿದವನ ಹಾಗೆ ವಾಲಿತು. ಎರಡನೆಯದರಲ್ಲಿ ಗಂಡ ಕೂತ, ಬಿದ್ದ. ಏಳನೆಯದರಲ್ಲಿ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ. ಅಲ್ಲಿಂದಾಚೆಗೆ ಅವಳ ಕೈ ನಿಲ್ಲಲಿಲ್ಲ. ಬೀದಿಯ ಮನೆಗಳಿಗೆಲ್ಲ ಒಂದೊಂದು ಹೋಯಿತು, ಹೆಸರೂ ಕುರ್ಚಿಯಕ್ಕ ಎಂದೇ ಆಯಿತು.

ಹೆಸರೇನೋ ಬಂತು, ಮನೆ ನಡೆಯಬೇಕಲ್ಲ? ಎರಡು ವರ್ಷ ಕಳೆಯುವಷ್ಟರಲ್ಲಿ ಡಬ್ಬ ತುಂಬುವ ಕಂಪನಿಯಿಂದ ಕರೆ ಬಂತು, ಸೋಮವಾರ ಬಂದು ಸೇರಬೇಕೆಂದು. ಅವಳೇ ಗಂಡನಿಗೆ ಮಾತು ಕೊಟ್ಟಳು: ಶನಿವಾರ ಮೂರು ಊರಿನ ಮೂರು ಅಂಗಡಿಗೆ ನಾಲ್ಕು ನಾಲ್ಕು ಕುರ್ಚಿ ಒಯ್ಯುತ್ತೇನೆ. ತಿಂಗಳು ತಿಂಗಳೂ ಬೇಕು ಎಂದು ಒಬ್ಬರಾದರೂ ಅಂದರೆ ನಾನು ಗೆದ್ದೆ. ಇಲ್ಲದಿದ್ದರೆ ಉಳಿ, ಗರಗಸ ಅಟ್ಟಕ್ಕೆ, ನಾನು ಡಬ್ಬ ತುಂಬಲಿಕ್ಕೆ.

ಶನಿವಾರ ಬೆಳಿಗ್ಗೆ ಮೈದುನ ತನ್ನ ಸಣ್ಣ ವ್ಯಾನು ತಂದ. ಬೀದಿ ಇಕ್ಕಟ್ಟಾದ್ದರಿಂದ ವ್ಯಾನು ಮೂಲೆಯಲ್ಲೇ ನಿಂತಿತು, ಹನ್ನೆರಡು ಕುರ್ಚಿಗಳು ತಲೆಯ ಮೇಲೆ ಮೆರವಣಿಗೆ ಹೊರಟವು. ಹಳೆಯ ಸೀರೆ, ಹೊದಿಕೆ, ಗಂಡನ ಎರಡು ಪಂಚೆ ಎಲ್ಲ ಸುತ್ತಿ ಬಿಗಿದದ್ದಾಯಿತು.

"ಅತ್ತಿಗೆ, ನಿಮ್ಮ ಮದುವೇಲೂ ನೀವು ಇಷ್ಟು ಓಡಾಡಿರಲಿಲ್ಲ" ಎಂದ ಮೈದುನ.

"ಆವತ್ತು ಹೊರಟಿದ್ದು ನಿಮ್ಮಣ್ಣನ ಜೊತೆ. ಇವತ್ತು ನನ್ನ ಕುರ್ಚಿ ಜೊತೆ. ಗಾಡಿ ಬಿಡು!"

ಊರು ದಾಟಿದ್ದೇ ತಡ, ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪ್ರತಿ ಹಳ್ಳಕ್ಕೂ ಹಿಂದೆ ತಿರುಗಿ, "ಮೆಲ್ಲಗೆ, ಮೆಲ್ಲಗೆ!" ಎನ್ನುವಳು. ರಸ್ತೆ ನುಣುಪಾದರೆ, "ಏನು ಎತ್ತಿನ ಗಾಡಿ ಹೊಡೀತಿದೀಯಾ?" ಎನ್ನುವಳು.

ಮೊದಲನೆಯ ಊರಿನ ಅಂಗಡಿಯೇ ದೊಡ್ಡದು. ಕನ್ನಡಿಯ ಹಾಗೆ ಹೊಳೆಯುವ ನೆಲ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಮಾಲೀಕ. ಅವನು ಕುರ್ಚಿಯ ಕೀಲು ಮುಟ್ಟಿದ, ಹೆಣಿಗೆಯ ಮೇಲೆ ಕೈಯಾಡಿಸಿದ, ತಲೆದೂಗಿದ. ಅಕ್ಕನ ಎದೆ ಹಿಗ್ಗಿತು. ಆಮೇಲೆ ಕೂತ. ಟಕ್. ಮುಂದೆ ಬಾಗಿದ. ಟಕ್. ಇನ್ನೊಂದರಲ್ಲಿ ಕೂತ. ಟಕ್. ನಾಲ್ಕೂ ಹಾಗೇ.

"ನೋಡೋಕೆ ಮಹಾರಾಣಿ ಇದ್ದಂಗಿದೆ ತಾಯಿ. ಆದ್ರೆ ಕುಂಟುತ್ತಲ್ಲ! ನಾನು ಕೂರೋ ಕುರ್ಚಿ ಮಾರೋನು, ತೂಗೋ ತೊಟ್ಟಿಲು ಅಲ್ಲ."

ಅಕ್ಕನ ಮುಖ ಕಿವಿಯವರೆಗೂ ಕೆಂಪಾಯಿತು. ಮನೆಯಲ್ಲಿ ಬಂಡೆಯ ಹಾಗೆ ನಿಂತಿದ್ದವು! ವ್ಯಾನಿಗೆ ಬಂದವಳೇ ಗಂಡನಿಗೆ ಫೋನು ಹಚ್ಚಿದಳು.

"ರೀ, ಮೊನ್ನೆ ಮಾಡಿ ಮೂಲೇಲಿ ಬಿಟ್ಟುಬಂದ ಹದಿಮೂರನೇ ಕುರ್ಚಿ ತಗೊಂಡು ನಡುಮನೇಲಿ ಇಡಿ. ಕಿಟಕಿ ಹತ್ರ, ನಾನು ಕಾಲು ಕೊಯ್ಯೋ ಜಾಗದಲ್ಲಿ. ಅಲ್ಲಾಡುತ್ತಾ?"

"ಇಲ್ಲ ಕಣೇ, ಗಟ್ಟಿ ಇದೆ."

"ಈಗ ಬಾಗಿಲ ಹತ್ರ ಇಡಿ."

ಕುರ್ಚಿ ಎತ್ತಿಟ್ಟ ಸದ್ದು. ಆಮೇಲೆ ಫೋನಿನಲ್ಲೇ ಕೇಳಿಸಿತು: ಟಕ್.

ಹಿಂದಿನಿಂದ ಪಕ್ಕದ ಮನೆಯ ದೊಡ್ಡಮ್ಮನ ದನಿ: "ನಮ್ಮನೇದೂ ಹಾಗೇ ಕಣಮ್ಮ! ಎರಡು ವರ್ಷದಿಂದ ಕೆಳಗೆ ಕಾಗದ ಮಡಚಿ ಇಟ್ಕೊಂಡಿದೀನಿ. ಬೀದಿಯೋರೆಲ್ಲ ಇಟ್ಕೊಂಡಿದಾರೆ. ಪಾಪ, ನಿನಗೆ ಬೇಜಾರಾಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ."

ಸಂಗತಿ ಇಷ್ಟೇ. ಬೆಳಕು ಚೆನ್ನಾಗಿ ಬೀಳುತ್ತದೆಂದು ಅವಳು ಪ್ರತಿ ಕುರ್ಚಿಯನ್ನೂ ಕಿಟಕಿಗೆ ಮುಖಮಾಡಿ ಒಂದೇ ಜಾಗದಲ್ಲಿ ಇಟ್ಟು ಕಾಲು ಸಮ ಮಾಡುತ್ತಿದ್ದಳು. ಅಲ್ಲೊಂದು ನೆಲಗಲ್ಲು ಚೂರು ಕುಸಿದಿತ್ತು. ಹಾಗಾಗಿ ಅದರ ಮೇಲೆ ನಿಲ್ಲುತ್ತಿದ್ದ ಹಿಂದಿನ ಎಡಗಾಲು ಎಲ್ಲ ಕುರ್ಚಿಗಳಲ್ಲೂ ಚೂರು ಉದ್ದ.

ಮೈದುನ ಸ್ಟಿಯರಿಂಗಿನ ಮೇಲೆ ತಲೆಯಿಟ್ಟ. "ಮನೆಗೆ ಹೋಗೋಣ ಅತ್ತಿಗೆ?"

ಅಕ್ಕ ನೋಡಿದರೆ ನಗುತ್ತಿದ್ದಾಳೆ! "ಹನ್ನೆರಡಕ್ಕೂ ಒಂದೇ ಕಾಯಿಲೆ ಅಂದ್ರೆ ಹನ್ನೆರಡಕ್ಕೂ ಒಂದೇ ಮದ್ದು. ಮಟ್ಟವಾದ ಜಾಗ ಹುಡುಕು. ಎಲ್ಲಿದೆ ಹೇಳು, ಒಂದು ಚೂರೂ ಏರುತಗ್ಗಿಲ್ಲದ ಜಾಗ?"

ಎರಡನೆಯ ಊರಿನ ದಾರಿಯಲ್ಲಿ ಕಿಟಕಿಗಳಿಗೆ ಗಾಜು ಕೊಯ್ಯುವವನ ಅಂಗಡಿ ಕಂಡದ್ದೇ, "ನಿಲ್ಸು, ನಿಲ್ಸು!" ಎಂದು ಕೂಗಿದಳು. ಒಳಗೆ ಬಾಗಿಲಿನಷ್ಟು ಅಗಲದ ಮೇಜು, ಮೇಲೆ ಹೆಬ್ಬೆರಳು ದಪ್ಪದ ಗಾಜು.

"ಅದರ ಮೇಲೆ ಕುರ್ಚಿ ಇಡ್ತೀರಾ? ಅಮ್ಮಾ, ಅದು ಗಾಜು!" ಗಾಜಿನವನು ಎರಡೂ ಕೈ ಅಡ್ಡ ಹಿಡಿದ.

"ಮಗು ಮಲಗಿಸೋ ಹಾಗೆ ಇಡ್ತೀನಪ್ಪ. ಒಡೆದರೆ ಹನ್ನೆರಡು ಕುರ್ಚಿನೂ ನಿನ್ನವೇ."

"ಕುಂಟೋ ಕುರ್ಚಿ ತಗೊಂಡು ನಾನೇನು ಮಾಡ್ಲಿ?" ಎಂದ. ಅಂದರೂ ಗಾಜು ಒರೆಸಿಕೊಟ್ಟ.

ಚೀಲಕ್ಕೆ ಬಾಚಣಿಗೆ ಹಾಕಲು ಮರೆತರೂ ಮರ ತೇಯುವ ಅರ ಮರೆಯುವವಳಲ್ಲ ಅಕ್ಕ. ಕುರ್ಚಿ ಗಾಜಿನ ಮೇಲೇರಿತು. ಮೇಲೆದ್ದ ಕಾಲಿನ ಕೆಳಗೆ ಗಾಜಿನವನ ವಿಳಾಸದ ಕಾರ್ಡುಗಳನ್ನು ತುರುಕಿ ನೋಡಿದಳು: ಸರಿಯಾಗಿ ನಾಲ್ಕು ಕಾರ್ಡು. ಅಷ್ಟನ್ನೇ ಉದ್ದಗಾಲಿನಿಂದ ಅರ ಹಾಕಿ ತೆಗೆದಳು. ಕುರ್ಚಿ ನಿಂತಿತು. ಬೆರಳಿಟ್ಟು ಒತ್ತಿದಳು, ಮಿಸುಕಲಿಲ್ಲ. ಎರಡನೆಯದು, ಮೂರನೆಯದು... ಮೈದುನ ಇಳಿಸುತ್ತಾನೆ, ಅಕ್ಕ ಅರ ಹಾಕುತ್ತಾಳೆ, ಅಡ್ಡ ನಿಂತಿದ್ದ ಗಾಜಿನವನೇ ಕಾರ್ಡು ಹಿಡಿದು ಅಳೆಯುತ್ತಾನೆ. ಆರನೆಯದರ ಹೊತ್ತಿಗೆ, "ಅಕ್ಕಾ, ಇದಕ್ಕೆ ಮೂರೂವರೆ!" ಎಂದು ಅವನೇ ಕೂಗಿ ಹೇಳುತ್ತಿದ್ದ. ಹನ್ನೆರಡನೆಯದು ಇಳಿದಾಗ ಮೂವರ ಹುಬ್ಬಿನ ಮೇಲೂ ಮರದ ಪುಡಿ. ಗಾಜಿಗೆ ಒಂದು ಗೀರೂ ಇಲ್ಲ.

ಎರಡನೆಯ ಊರಿನ ಅಂಗಡಿಯವಳು ನಾಲ್ಕು ಇಟ್ಟುಕೊಂಡಳು, "ಮಾರಿಹೋದರೆ ಮುಂದೆ ನೋಡೋಣ" ಎಂದಳು. ಮೂರನೆಯ ಊರಿನವನೂ ಅದೇ ಮಾತು. ಮೇಲಿಂದ, "ಉಳಿದ ನಾಲ್ಕನ್ನೂ ಇಳಿಸಿಬಿಡಿ" ಎಂದ.

"ಅವು ಕೊಡೋಕಿಲ್ಲ" ಎಂದಳು ಅಕ್ಕ.

ಹೊರಗೆ ಬಂದ ಮೈದುನ ತಲೆ ಚಚ್ಚಿಕೊಂಡ. "ತಗೋತೀನಿ ಅನ್ನೋನಿಗೆ ಕೊಡಲ್ಲ, ಬೇಡ ಅಂದೋನ ಹತ್ರ ಓಡ್ತೀರಿ. ನಿಮ್ಮ ಲೆಕ್ಕ ನಿಮಗೇ ಗೊತ್ತು."

"ಇವರಿಬ್ಬರೂ ನೋಡೋಣ ಅಂದ್ರು. ತಿಂಗಳು ತಿಂಗಳೂ ಅನ್ನೋ ತಾಕತ್ತಿರೋದು ಆ ಪೆನ್ಸಿಲ್ ಕಿವಿಯೋನಿಗೆ. ಕುಂಟುತ್ತೆ ಅನ್ನಿಸಿಕೊಂಡು ನಾನು ಮನೆಗೆ ಹೋಗಲ್ಲ. ತುಳಿ!"

ಪೆನ್ಸಿಲ್ ಕಿವಿಯ ಮಾಲೀಕ ಅಂಗಡಿಯ ಬಾಗಿಲನ್ನು ಅರ್ಧ ಎಳೆದಿದ್ದಾಗ ವ್ಯಾನು ಕಿರ್ರೆಂದು ನಿಂತಿತು. ಅಕ್ಕ ಒಂದೊಂದು ಕೈಯಲ್ಲಿ ಒಂದೊಂದು ಕುರ್ಚಿ ಹಿಡಿದು ಒಳನುಗ್ಗಿ, ಹೊಳೆಯುವ ನೆಲದ ಮೇಲಿಟ್ಟಳು. ಅವನು ಕೂತ. ಮುಂದೆ ಬಾಗಿದ, ಹಿಂದೆ ಒರಗಿದ, ಎಡಕ್ಕೆ ವಾಲಿದ. ಎದ್ದು ನಾಲ್ಕೂ ಕಾಲು ಬಗ್ಗಿ ನೋಡಿದ. ಮತ್ತೆ ಕೂತ. ಅಷ್ಟರಲ್ಲಿ ಮೈದುನ ಉಳಿದೆರಡನ್ನೂ ತಂದಿಟ್ಟ.

"ಬೇರೆ ತಂದ್ರಾ?"

"ಇಲ್ಲ, ಬೆಳಗಿನವೇ. ನಮ್ಮ ಮನೆ ನೆಲ ಸೊಟ್ಟ, ಅದಕ್ಕೆ ಕಾಲು ಸೊಟ್ಟ. ನನಗೇ ಗೊತ್ತಿರಲಿಲ್ಲ. ದಾರೀಲಿ ಗಾಜಿನ ಮೇಲೆ ನಿಲ್ಲಿಸಿ ಸರಿ ಮಾಡಿದೆ."

ಅವನು ನಕ್ಕ ನಗೆಗೆ ಕಿವಿಯ ಪೆನ್ಸಿಲ್ ಕೆಳಗೆ ಬಿತ್ತು. "ತಿಂಗಳಿಗೆ ಹತ್ತು ಕೊಡ್ತೀರಾ? ಆದ್ರೆ ಆ ಮನೇಲಿ ಮಾಡಿದ್ದು ಬೇಡ. ಹಿಂದುಗಡೆ ನನ್ನ ಗೋದಾಮು ಖಾಲಿ ಇದೆ, ಮೇಲೆ ಎರಡು ಕೋಣೆ. ನೆಲ ನಾನೇ ಮಟ್ಟ ಹಿಡಿದು ಹಾಕಿಸಿದ್ದು. ಬಂದು ಇರಿ."

ಅಕ್ಕ ಅಲ್ಲೇ, ತನ್ನದೇ ಕುರ್ಚಿಯಲ್ಲಿ, ಧೊಪ್ಪೆಂದು ಕೂತಳು.

ಸೋಮವಾರ ಅವಳು ಡಬ್ಬದ ಕಂಪನಿಗೆ ಹೋದದ್ದು ಬರಲ್ಲ ಎಂದು ಹೇಳುವುದಕ್ಕೆ. ಮುಂದಿನ ತಿಂಗಳ ಒಂದನೇ ತಾರೀಕು ಮನೆ ಖಾಲಿಯಾಯಿತು. ಪಾತ್ರೆ, ಹಾಸಿಗೆ, ಬೆತ್ತದ ಕಟ್ಟು ಎಲ್ಲ ವ್ಯಾನು ಸೇರಿದವು. ಗಂಡ ಮುಂದಿನ ಸೀಟಿನಲ್ಲಿ ಕೂತು, ಹಾರ್ನ್ ಒತ್ತು ಎಂದು ತಮ್ಮನಿಗೆ ತಿವಿಯುತ್ತಿದ್ದ. ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತ, "ಹೋದ ಕೂಡಲೇ ಫೋನ್ ಮಾಡೇ" ಎಂದಳು.

"ಹೂಂ ದೊಡ್ಡಮ್ಮ, ಮೊದಲನೇ ಕುರ್ಚಿ ಮುಗಿದ ಕೂಡಲೇ" ಎಂದು ಅಕ್ಕ ಬಾಗಿಲೆಳೆದು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟಳು. ಗರಗಸವನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲಿಳಿದಳು. ನಾಲ್ಕು ಮನೆ ದಾಟುವವರೆಗೆ ನಡೆದಳು. ಆಮೇಲೆ ಯಾರು ನೋಡಿದರೂ ನೋಡಲಿ ಎಂದು ಸೆರಗು ಸಿಕ್ಕಿಸಿ, ವ್ಯಾನು ನಿಂತಿದ್ದ ಬೀದಿಯ ಮೂಲೆಯತ್ತ ಓಡತೊಡಗಿದಳು.