ಅತ್ತಿಗೆಯ ಎದೆಯ ಟಿಕ್ ಟಿಕ್

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಹಾಲಿನ ಡೈರಿಯಲ್ಲಿ ಫ್ಯಾಟ್ ತೋರಿಸುವ ಮೆಷೀನು, ಬಿತ್ತನೆ ಬೀಜದ ಪ್ಯಾಕೆಟ್ಟು, ಬಿಳಿ ಕೋಟಿನ ಡಾಕ್ಟರು, ಎಲ್ಲದರ ಮೇಲೂ ನನ್ನದೊಂದು ಕಣ್ಣು. ಬೈರಾಪಟ್ಟಣದಲ್ಲಿ ನನ್ನನ್ನು ಅನುಮಾನದ ಅನಂತರಾಜು ಅಂತಲೇ ಕರೆಯುತ್ತಾರೆ. ಕರೆದುಕೊಳ್ಳಲಿ, ನನಗೇನು! ಆದರೆ ಈಗ ಹೇಳಹೊರಟಿರುವುದು ನಮ್ಮ ಅತ್ತಿಗೆ ಬೋರಮ್ಮನ ಕಥೆ.

ನಮ್ಮಣ್ಣ ಸಿದ್ದಯ್ಯನ ಕೈಹಿಡಿದು ಬಂದಾಗಿನಿಂದ ಅತ್ತಿಗೆ ರೇಷ್ಮೆ ಹುಳು ಸಾಕಿದವಳು. ಹುಳು ಮನೆಯ ಬಾಗಿಲಲ್ಲಿ ನಿಂತು, ಸೊಪ್ಪು ಮೇಯುವ ಸದ್ದು ಕೇಳಿಯೇ ಹಸಿವು ಎಷ್ಟಿದೆ ಎಂದು ಹೇಳಿಬಿಡುತ್ತಾಳೆ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಕವಾಟ ಕೆಡಿಸಿತ್ತು. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅದನ್ನು ತೆಗೆದು ಲೋಹದ ಕವಾಟ ಕೂರಿಸಿದರು. ಅಂದಿನಿಂದ ಪಕ್ಕ ಕೂತರೆ ಅವಳ ಎದೆ ಟಿಕ್ ಟಿಕ್ ಅನ್ನುವುದು ಕೇಳಿಸುತ್ತದೆ. ಗಡಿಯಾರ ಕಟ್ಟಿಕೊಂಡುಬಿಟ್ಟೆ ಎಂದು ಅಣ್ಣ ರೇಗಿಸುತ್ತಿದ್ದ.

ಅದರ ಜೊತೆಗೇ ಬಂತು ಮಾತ್ರೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಸಂಜೆ ಒಂದು, ಬದುಕಿರುವವರೆಗೂ. ತಿಂಗಳಿಗೊಮ್ಮೆ ಚನ್ನಪಟ್ಟಣದಲ್ಲಿ ರಕ್ತ ಪರೀಕ್ಷೆ. ಸೊಪ್ಪು ದಿನಾ ಒಂದೇ ಅಳತೆಯಲ್ಲಿರಲಿ, ಒಂದು ದಿನ ರಾಶಿ, ಒಂದು ದಿನ ಇಲ್ಲ ಅಂತ ಮಾಡಬೇಡಿ ಎಂದಿದ್ದರು ಡಾಕ್ಟರು. ನಮ್ಮೂರಲ್ಲಿ ಸೊಪ್ಪು ಅಂದರೆ ಮೊದಲು ಹಿಪ್ಪುನೇರಳೆ. ಪೊರೆ ಕಳಚಿ ಕೊನೇ ಜ್ವರ ಎದ್ದ ಹಸಿದ ಹುಳು ಅಳತೆ ಕೇಳುತ್ತವೆಯೇ ಸ್ವಾಮಿ ಎಂದು ಅತ್ತಿಗೆ ಅವರನ್ನೇ ಕೇಳಿದ್ದಳು. ಡಾಕ್ಟರಿಗೆ ಅರ್ಥವಾಗುವಷ್ಟರಲ್ಲಿ ನಾವೆಲ್ಲ ನಕ್ಕು ಸುಸ್ತಾಗಿದ್ದೆವು.

ಕಳೆದ ಬೇಸಿಗೆಯಲ್ಲಿ ಗೂಡು ಮಾರಿ ಹುಳು ಮನೆ ತೊಳೆದಿದ್ದೆವು. ಇಲಿ ಕಾಟಕ್ಕೆ ಪಾಷಾಣದ ಬಿಲ್ಲೆ ಇಡಲು ಹೋದವನು ಅಭ್ಯಾಸದಂತೆ ಪ್ಯಾಕೆಟ್ ಓದಿದೆ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಅಪ್ಪಿತಪ್ಪಿ ತಿಂದರೆ ಮದ್ದು ವಿಟಮಿನ್ ಕೆ-ಒನ್ ಎಂದಿತ್ತು. ಅತ್ತಿಗೆಯ ಆಸ್ಪತ್ರೆ ಪುಸ್ತಕದಲ್ಲೂ, ಮಾತ್ರೆ ಹೆಚ್ಚಾದರೆ ವಿಟಮಿನ್ ಕೆ ಎಂದೇ ಬರೆದಿದ್ದರು. ಬೈಕ್ ಹತ್ತಿ ಸೀದಾ ಚನ್ನಪಟ್ಟಣದ ತೌಹೀದನ ಮೆಡಿಕಲ್ ಸ್ಟೋರಿಗೆ ಹೋಗಿ ಪಾಷಾಣದ ಪ್ಯಾಕೆಟ್ಟು, ಮಾತ್ರೆ ಎರಡನ್ನೂ ಅವನ ಮುಂದಿಟ್ಟೆ.

"ಎರಡೂ ಒಂದೇ ಜಾತೀದು ಕಣಣ್ಣ, ಆದ್ರೆ..." ಅಂದ ತೌಹೀದ್.

ಆ 'ಆದ್ರೆ'ಯ ಮುಂದಿನದ್ದು ಕೇಳಲು ನಾನು ನಿಲ್ಲಲಿಲ್ಲ. ಸಿಕ್ಕಿಬಿತ್ತು ಕಳ್ಳತನ ಎಂದುಕೊಂಡು ಗಾಡಿ ತಿರುಗಿಸಿದೆ.

"ಅತ್ಗೆ, ನಿಂಗೆ ಇಲಿ ಪಾಷಾಣ ತಿನ್ನಿಸ್ತಾವ್ರೆ" ಅಂದೆ. ಮಾರನೇ ಸಂಜೆಯಿಂದ ಅವಳು, ಸೊಸೆ ಶ್ವೇತ ಕೊಟ್ಟ ಮಾತ್ರೆಯನ್ನು ದವಡೆಯಲ್ಲಿಟ್ಟುಕೊಂಡು ತಿಪ್ಪೆಯ ಹತ್ತಿರ ಉಗಿಯತೊಡಗಿದಳು. ಅದು ನನಗೊಬ್ಬನಿಗೇ ಗೊತ್ತಿತ್ತು. ಅತ್ತಿಗೆಯ ಪ್ರಾಣ ಉಳಿಸಿದೆನೆಂದು ಒಳಗೊಳಗೇ ಬೀಗುತ್ತಿದ್ದೆ, ಥೂ ನನ್ನ!

ಒಂದು ತಿಂಗಳಾಗಿತ್ತು. ಹೊಸ ಹುಳು ಕೊನೇ ಜ್ವರ ಎದ್ದಿದ್ದವು, ಆ ಗಡಿಬಿಡಿಯಲ್ಲಿ ತಿಂಗಳ ರಕ್ತ ಪರೀಕ್ಷೆಯೂ ತಪ್ಪಿತ್ತು. ಬೆಳಿಗ್ಗೆ ಅತ್ತಿಗೆಯ ಜೊತೆ ಸೊಪ್ಪು ಹಾಕುತ್ತಿದ್ದ ಶ್ವೇತ ಹೊರಗೆ ಬಂದು ನನ್ನ ತೋಳು ಹಿಡಿದಳು.

"ಚಿಕ್ಕಮಾವ, ಅತ್ತೇದು ಟಿಕ್ ಟಿಕ್ ಕೇಳ್ತಾನೇ ಇಲ್ಲ."

ಒಳಗೆ ಓಡಿದೆ. ಅತ್ತಿಗೆ ಸೊಪ್ಪಿನ ಮೂಟೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ಪಕ್ಕದಲ್ಲಿ ಕೂತು ಕಿವಿಗೊಟ್ಟೆ. ಹುಳು ಮೇಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಜುವೇರಿಯಾ ಎನ್ನುವವರು ನೋಡಿದರು. ಕವಾಟಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಂಡಿದೆ, ಕರಗಿಸಲು ಇಂಜೆಕ್ಷನ್ ಹಾಕಿದ್ದೇವೆ, ಉಳಿಯುತ್ತಾರೆಂದು ಈಗಲೇ ಹೇಳಲಾರೆ ಎಂದರು. ಆಮೇಲೆ, ಮಾತ್ರೆ ಯಾರು ಕೊಡುತ್ತಿದ್ದರು ಎಂದು ಕೇಳಿದರು. ಎಲ್ಲರೂ ಶ್ವೇತಳ ಕಡೆ ತಿರುಗಿದರು. ಮೂರು ವರ್ಷ ಒಂದು ಸಂಜೆಯೂ ತಪ್ಪಿಸದ ಹುಡುಗಿ ಅದು. ಅಣ್ಣ ಅವಳನ್ನು ನೋಡಿದ ನೋಟ ನನ್ನಿಂದ ಸಹಿಸಲಾಗಲಿಲ್ಲ.

"ಅವಳ್ದೇನೂ ತಪ್ಪಿಲ್ಲ. ನುಂಗಬ್ಯಾಡ ಅಂದೋನು ನಾನು" ಅಂದುಬಿಟ್ಟೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೀವು ಓದಿದ್ದು ನಿಜ, ಎರಡೂ ಒಂದೇ ವಂಶ ಎಂದರು. ನೂರು ವರ್ಷದ ಹಿಂದೆ ಹೊರದೇಶದಲ್ಲಿ ಬೂಸಲು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸತ್ತವಂತೆ. ಆ ಮೇವಿನಲ್ಲಿ ಸಿಕ್ಕಿದ್ದರಿಂದಲೇ ಇವೆರಡೂ ಹುಟ್ಟಿದ್ದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಹಿಡಿದುಕೊಂಡು ಲಿವರು ರಕ್ತ ಗಟ್ಟಿಮಾಡುವ ಪದಾರ್ಥ ತಯಾರಿಸುತ್ತದೆ. ಪಾಷಾಣ ಆ ಕೆಲಸವನ್ನು ಪೂರಾ ನಿಲ್ಲಿಸುತ್ತದೆ, ಮಾತ್ರೆ ಬೇಕಾದಷ್ಟೇ ತಗ್ಗಿಸುತ್ತದೆ. ತಿಂಗಳ ಪರೀಕ್ಷೆ ಆ ಅಳತೆ ನೋಡುವುದಕ್ಕೇ. ಹೆಚ್ಚಾದರೆ ರಕ್ತ ಸೋರುತ್ತದೆ, ಕಮ್ಮಿಯಾದರೆ ಲೋಹದ ಮೇಲೆ ಹೆಪ್ಪು ಕೂರುತ್ತದೆ. ತೌಹೀದ್ ಹೇಳಹೊರಟಿದ್ದು ಇದನ್ನೇ.

ಮೂರನೇ ದಿನ ಮಧ್ಯಾಹ್ನ ಒಳಗೆ ಬಿಟ್ಟರು. ನಾನು ಹಾಸಿಗೆಯ ಪಕ್ಕ ಬಾಗಿದೆ. ಟಿಕ್ ಟಿಕ್. ಕಣ್ಣಲ್ಲಿ ನೀರು ಬಂತು.

"ಮಾತ್ರೆ ನುಂಗೋದು ಮರ್ತೋಯ್ತು ಅಂತ ನಾನೇ ಹೇಳೋಳಿದ್ದೆ. ಒಪ್ಕೊಂಡ್ಬುಟ್ಯಂತೆ" ಅಂದಳು ಅತ್ತಿಗೆ, ಒಸಿ ನಕ್ಕು.

"ಯಾಕತ್ಗೆ ನನ್ ಮಾತು ನಂಬ್ದೆ?"

"ನಂಗೆ ಓದಕ್ ಬರಾಕಿಲ್ವಲ್ಲಪ್ಪ. ನೀನ್ ಓದಿದ್ದೇ ನಂಗೆ ಓದು."

ಈಗ ದಿನಾ ಸಂಜೆ ಶ್ವೇತ ಮಾತ್ರೆ ಕೊಡುವ ಹೊತ್ತಿಗೆ ನಾನು ಜಗಲಿಯ ಮೇಲೆ ಅತ್ತಿಗೆಯ ಪಕ್ಕ ಹೋಗಿ ಕೂರುತ್ತೇನೆ. ಅವಳು ನುಂಗಿ, ಬಾಯಿ ತೆರೆದು ತೋರಿಸುತ್ತಾಳೆ. ನಾನು ಎದೆಯ ಸದ್ದು ಕೇಳಿಸಿಕೊಂಡೇ ಏಳುತ್ತೇನೆ.