ಫ್ರೀಜರಿನಿಂದ ಹೊರಗಿಟ್ಟ ಮಣ್ಣು

ಮೊನ್ನೆ ನಾನೊಂದು ಘನಂದಾರಿ ಕೆಲಸ ಮಾಡಿದೆ. ಸಾವಿರಾರು ವರ್ಷ ಕರಗದೇ ಇದ್ದದ್ದನ್ನು ಒಂದೇ ಮಧ್ಯಾಹ್ನದಲ್ಲಿ ಕರಗಿಸಿಬಿಟ್ಟೆ!

ನಮ್ಮ ಸಾಂಟಾ ಕ್ಲಾರಾ ಮನೆಯ ಗ್ಯಾರೇಜಿನಲ್ಲಿ ಎರಡನೆಯ ಫ್ರೀಜರ್ ಇದೆ. (ಇಲ್ಲಿ ಯಾವ ಕನ್ನಡದವರ ಮನೆಯಲ್ಲಿಲ್ಲ, ಹೇಳಿ?) ಅದರ ತುಂಬ ಹಿತಕಿದ ಅವರೆಬೇಳೆ, ನುಗ್ಗೆಕಾಯಿ, ಕಾಯಿತುರಿ. ಶನಿವಾರ ಅಲಾಸ್ಕಾದಿಂದ ಬಂದ ಮಗಳು ಮೇಘನಾ, ಫಾಯಿಲ್ ಸುತ್ತಿದ ಮೂರು ಉದ್ದನೆಯ ಪೊಟ್ಟಣಗಳನ್ನು ಅದರೊಳಗೇ ತುರುಕಿದಳು. ಅವಳ ಪಿಎಚ್‌ಡಿ ಅಲ್ಲಿಯ ಜೌಗುನೆಲದ ಮೇಲೆ. ಪೊಟ್ಟಣಗಳಲ್ಲಿ ಇದ್ದದ್ದು ನೆಲ ಕೊರೆದು ತೆಗೆದ, ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದ್ದ ಕಪ್ಪು ಮಣ್ಣು.

"ಅಮ್ಮಾ, ಡೋಂಟ್ ಟಚ್, ಪ್ಲೀಸ್. ಸೋಮವಾರ ಲ್ಯಾಬಿಗೆ ತಗೊಂಡ್ಹೋಗ್ತೀನಿ" ಅಂದಳು.

ಮುಟ್ಟಬಾರದೆಂದೇ ಇದ್ದೆ. ಆದರೆ ಭಾನುವಾರ ಗಣೇಶನ ಊಟಕ್ಕೆ ಮೂವತ್ತು ಜನ. (ಇಲ್ಲಿ ಎಲ್ಲ ಹಬ್ಬವೂ ವೀಕೆಂಡಿಗೇ ಬರುತ್ತದೆ.) ಗೆಳತಿ ಸುಧಾ ನಾಲ್ಕು ಡಬ್ಬ ಐಸ್‌ಕ್ರೀಮ್ ಹೊತ್ತು ತಂದಳು. ಜಾಗವೆಲ್ಲಿ? ಹತ್ತೇ ನಿಮಿಷ ಅಂದುಕೊಂಡು ಮೂರೂ ಪೊಟ್ಟಣ ತೆಗೆದು ವಾಷಿಂಗ್ ಮೆಷಿನ್ನಿನ ಮೇಲಿಟ್ಟೆ. ಮರೆತೆ. ನನ್ನ ಅವರೆಬೇಳೆಯನ್ನು ಮಾತ್ರ ಹೊರಗಿಡಲಿಲ್ಲ, ನೋಡಿ!

ಸಾಯಂಕಾಲ ಮೇಘನಾ ಗ್ಯಾರೇಜಿಗೆ ಹೋದಾಗ ಫಾಯಿಲಿನಿಂದ ಕಪ್ಪು ನೀರು ಒಸರುತ್ತಿತ್ತು. ಕೊಳೆತ ಎಲೆಯ ವಾಸನೆ. ಹುಡುಗಿ ಕೂಗಾಡಲಿಲ್ಲ, ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಬೇಸಿಗೆಯಿಡೀ ಸೊಳ್ಳೆ ಕಚ್ಚಿಸಿಕೊಂಡು, ಕೆಸರಿನಲ್ಲಿ ನಿಂತು ತೆಗೆದದ್ದು.

"ಮತ್ತೆ ಫ್ರೀಜ್ ಮಾಡಿದ್ರೆ ಆಗಲ್ವೇನೇ?"

"ಆಗಲ್ಲ ಅಮ್ಮಾ. ಹಳೇ ಗಿಡ, ಪಾಚಿ ಎಲ್ಲ ಅದ್ರಲ್ಲಿ ಫ್ರೋಜನ್ ಆಗಿತ್ತು. ಕರಗಿದ್ರೆ ಕೊಳೆಯುತ್ತೆ, ಗ್ಯಾಸ್ ಬರುತ್ತೆ. ಆ ಗ್ಯಾಸಿಂದ ಭೂಮಿ ಬಿಸಿಯಾಗಿ ಅಲ್ಲಿ ನೆಲ ಇನ್ನೂ ಕರಗುತ್ತೆ."

"ಇನ್ನೊಂದ್ಸಲ ಹೋಗಿ ತರಬಹುದಲ್ಲ?"

"ದಟ್ ಸ್ಪಾಟ್ ಈಸ್ ಗಾನ್. ನಾವು ಅಲ್ಲಿಂದ ಹೊರಡೋಷ್ಟರಲ್ಲೇ ನೆಲ ಕುಸಿದು ನೀರು ನಿಂತಿತ್ತು."

ಇಲ್ಲಿ ಹೊರಗಿಟ್ಟವಳು ನಾನು, ಸರಿ. ಅಲ್ಲಿ ಅಲಾಸ್ಕಾದ ನೆಲ ಕರಗಿಸಿದವರು ಯಾರು? ಮನೆಗೆ ಎರಡು ಕಾರು, ಎರಡು ಫ್ರೀಜರು, ವರ್ಷಕ್ಕೊಮ್ಮೆ ಬೆಂಗಳೂರಿಗೆ ವಿಮಾನ. ಪ್ರತಿ ಸಲವೂ ಇಷ್ಟರಿಂದ ಏನಾಗುತ್ತೆ ಅಂದುಕೊಂಡವರಲ್ಲಿ ನಾನಿಲ್ಲವೇ? ಅಂದಿನಿಂದ ಫ್ರೀಜರಿನ ಗುರ್ರ್ ಸದ್ದು ನಿಂತರೆ ಸಾಕು, ಓಡಿಹೋಗಿ ನೋಡುತ್ತೇನೆ.

ಅದರ ಬಾಗಿಲ ಮೇಲೆ, ಮನೆಯವರಿಗೆಲ್ಲ ಬುದ್ಧಿ ಹೇಳಲು ನಾನೇ ಅಂಟಿಸಿದ ಚೀಟಿಯಿದೆ: "ಒಮ್ಮೆ ಕರಗಿದ್ದನ್ನು ಮತ್ತೆ ಒಳಗಿಡಬೇಡಿ."

ಬರೆದವಳೇ ಓದಿರಲಿಲ್ಲ.