ಹೇರೋಹಳ್ಳಿಗೆ ಬಂದ ಕಡಲ ತಳ

ಬೆಂಗಳೂರಿನ ಹೇರೋಹಳ್ಳಿಯ ಕೋಳಿ ಆಹಾರದ ಗೋಡೌನಿನಲ್ಲಿ ಕರೆಂಟು ಹೋದಾಗಲೆಲ್ಲ ಅಮೀನಪ್ಪ ಎದ್ದು ಹೊರಗೆ ಬಂದು ನಿಲ್ಲುತ್ತಿದ್ದ. ಸೆಕೆ ತಾಳಲಾರದೆ ಬರುತ್ತಾನೆ ಅಂತ ಉಳಿದ ಆಳುಗಳು ಅಂದುಕೊಂಡಿದ್ದರು. ವಿಷಯ ಅದಲ್ಲ. ಗಿರಣಿ ನಿಂತು ಒಳಗೆಲ್ಲ ನಿಶ್ಶಬ್ದವಾದ ಕೂಡಲೇ, ಗೋಡೆಗೆ ಪೇರಿಸಿಟ್ಟ ಚೀಲಗಳಿಂದ ಅವನಿಗೊಂದು ಸದ್ದು ಕೇಳಿಸುತ್ತಿತ್ತು. ಸಾವಿರಾರು ಸಣ್ಣ ಬಾಯಿಗಳು ತೆರೆದು ಮುಚ್ಚುವಂಥ ಸದ್ದು. ಚೀಲದಲ್ಲಿದ್ದದ್ದು ಒಣಗಿ ಕಡ್ಡಿಯಂತಾದ ಮೀನು. ಅದು ಬಾಯಿ ತೆರೆಯುವ ಮಾತೇ ಇಲ್ಲ. ಹಾಗಂತ ಅವನಿಗೂ ಗೊತ್ತಿತ್ತು. ಆದರೂ ಹಾಡುಹಗಲಲ್ಲಿ, ರಸ್ತೆಯಲ್ಲಿ ಆಟೋ ಓಡಾಡುತ್ತಿರುವಾಗಲೇ, ಅವನ ಮೈ ತಣ್ಣಗಾಗುತ್ತಿತ್ತು.

ಆ ಸದ್ದನ್ನು ಅವನು ಮೊದಲು ಕೇಳಿದ್ದು ಕಡಲಿನಲ್ಲಿ. ಅಮೀನಪ್ಪ ಕುಷ್ಟಗಿ ಕಡೆಯವನು. ಇಪ್ಪತ್ತರ ವಯಸ್ಸಿನಲ್ಲಿ ಸೋದರಮಾವನ ಹಿಂದೆ ಕರಾವಳಿಗೆ ಹೋಗಿ ಸಿಗಡಿ ಹಿಡಿಯುವ ಬೋಟು ಹತ್ತಿದ. ಈಜು ಬಾರದ ಬಯಲುಸೀಮೆಯ ಹುಡುಗ ಒಂಬತ್ತು ವರ್ಷ ನೀರಿನ ಮೇಲೇ ಕಳೆದ. ಸಿಗಡಿ ಇರುವುದು ಕಡಲಿನ ತಳದಲ್ಲಿ. ಅದಕ್ಕೆ ಬೋಟಿನ ಬಲೆ ತಳವನ್ನೇ ಕೆರೆದುಕೊಂಡು ಹೋಗುತ್ತದೆ. ಗಂಟೆಗಟ್ಟಲೆ ಎಳೆದು ಬಲೆಯನ್ನು ಹಲಗೆಯ ಮೇಲೆ ಸುರಿದರೆ ಸಿಗಡಿ ಒಂದು ಬುಟ್ಟಿ, ಬೇಡದ್ದು ಎಂಟು ಹತ್ತು ಬುಟ್ಟಿ: ಬೆರಳುದ್ದದ ಮರಿಗಳು, ಮೊಟ್ಟೆ ಹೊತ್ತ ಏಡಿ, ಹೆಸರೇ ಗೊತ್ತಿಲ್ಲದ ಮೆತ್ತನೆಯ ಜೀವಗಳು. ಅವೆಲ್ಲ ಒಟ್ಟಿಗೆ ಬಾಯಿ ತೆರೆದು ಮುಚ್ಚುವಾಗ ಸಣ್ಣ ಮಳೆ ಹನಿದಂತೆ ಕೇಳುತ್ತಿತ್ತು. ಸಿಗಡಿ ಆರಿಸಿ ಮುಗಿಸುವಷ್ಟರಲ್ಲಿ ಸದ್ದು ನಿಲ್ಲುತ್ತಿತ್ತು. ಆಮೇಲೆ ಅಮೀನಪ್ಪ ಸಲಿಕೆಯಿಂದ ಎಲ್ಲವನ್ನೂ ನೀರಿಗೆ ನೂಕುತ್ತಿದ್ದ. ಬೋಟಿನ ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಬಿಳಿ ಹೊಟ್ಟೆಗಳ ಹಾದಿ ತೇಲುತ್ತಿತ್ತು.

ಮದುವೆಯಾದ ಮೇಲೆ ಹೆಂಡತಿ ಲಕ್ಷ್ಮವ್ವ, "ನೀರಿನ ಮ್ಯಾಲ ಹೋಗೋ ಗಂಡನ್ನ ದಿನಾ ಕಾಯ್ಕೊಂತ ಕುಂದ್ರೂದು ನನ್ನಿಂದ ಆಗೂದಿಲ್ಲ" ಅಂದಳು. ಇಬ್ಬರೂ 2004ರಲ್ಲಿ ಬೆಂಗಳೂರಿಗೆ ಬಂದು ಹೇರೋಹಳ್ಳಿಯಲ್ಲಿ ಶೀಟಿನ ಮನೆ ಹಿಡಿದರು. ಚನ್ನಕೇಶವ ಎಂಬವರ ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಚೀಲ ಬಿಚ್ಚಿದಾಗಲೇ ಅಮೀನಪ್ಪ ಹಿಂದಕ್ಕೆ ಸರಿದ. ತಾನು ಕಡಲಿಗೆ ನೂಕಿದ್ದ ಅದೇ ಮರಿಗಳು. ಈಗ ಬೋಟಿನವರು ಅದನ್ನೂ ಎಸೆಯುವುದಿಲ್ಲ, ಒಣಗಿಸಿ ಕಳಿಸುತ್ತಾರೆ, ಪುಡಿ ಮಾಡಿ ಕೋಳಿಗೆ ಹಾಕುತ್ತಾರೆ ಅಂತ ತಿಳಿಯಿತು.

ನಾಲ್ಕು ವರ್ಷ ಅವನು ಚೀಲ ಬಿಚ್ಚಿದ, ಜರಡಿ ಹಿಡಿದ. ವರ್ಷ ಕಳೆದಂತೆ ಮೀನು ಕಿರಿದಾಗುತ್ತಾ ಬಂತು. ಮೊದಲು ಬೆರಳುದ್ದ, ಆಮೇಲೆ ಉಗುರಿನಷ್ಟು, ಕೊನೆಕೊನೆಗೆ ಅಕ್ಕಿಕಾಳಿನಷ್ಟು. ಆ ಕಾಳಿಗೂ ಎರಡು ಕಪ್ಪು ಕಣ್ಣು. 2008ರ ಬೇಸಿಗೆಯಲ್ಲಿ ಜರಡಿಯಲ್ಲಿ ಮೀನಿಗಿಂತ ಹೆಚ್ಚು ಉಳಿದದ್ದು ಬೂದು ಬಣ್ಣದ ಕೆಸರಿನ ಹೆಂಟೆ, ಚಿಪ್ಪಿನ ಚೂರು, ಬೇರಿನಂಥದೇನೋ.

ಚನ್ನಕೇಶವ ಒಂದು ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡಿ ನೋಡಿದರು. "ಮಣ್ಣು ತುಂಬಿ ಕಳಿಸ್ತಾ ಇದಾರೆ ಕಣಪ್ಪಾ. ನಿನಗೆ ಆ ಕಡೆ ಜನ ಗೊತ್ತಲ್ವಾ? ಹೋಗಿ ನೋಡ್ಕೊಂಡು ಬಾ, ಯಾರು ಬೆರೆಸ್ತಾರೆ ಅಂತ."

ಮಾರನೇ ಬೆಳಿಗ್ಗೆ ಅಮೀನಪ್ಪ, ತಾನು ಬೋಟಿನಲ್ಲಿ ದುಡಿದಿದ್ದ, ಈಗ ಚೀಲಗಳು ಬರುತ್ತಿದ್ದ ಕಿರುಕೋಡಿ ಎಂಬ ಮೀನುಗಾರರ ಊರಿನಲ್ಲಿ ಬಸ್ಸಿಳಿದ. ದಡದ ಕಡೆ ನಡೆಯುತ್ತಾ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹಕ್ಕಿಗಳಿರಲಿಲ್ಲ. ಮೊದಲೆಲ್ಲ ಕಾಗೆ, ಗಿಡುಗಗಳ ಕೂಗಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಈಗ ಅಲೆಯ ಸದ್ದೊಂದೇ. ಮರಳಿನ ಮೇಲೆ ಒಂದು ಬೆಕ್ಕು ಕೂಡ ಇಲ್ಲ.

ದೂರದಲ್ಲಿ ಹತ್ತು ಹನ್ನೆರಡು ಜನ ಹಗ್ಗ ಹಿಡಿದು ಕೈರಂಪಣಿ ಎಳೆಯುತ್ತಿದ್ದರು. ದಡದಲ್ಲೇ ನಿಂತು ಕೈಯಿಂದ ಎಳೆಯುವ ಬಲೆ ಅದು. ಮುಂದೆ ನಿಂತಿದ್ದ ಮುದುಕನನ್ನು ಕಂಡೊಡನೆ ಅಮೀನಪ್ಪನ ಕಾಲು ನಿಂತಿತು. ಗಿರಿಯ ಮರಕಾಲ. ಏಳು ವರ್ಷದ ಹಿಂದೆ ಅಮೀನಪ್ಪನಿದ್ದ ಬೋಟು ಬೋಟುಗಳು ಬರಬಾರದಷ್ಟು ದಡದ ಹತ್ತಿರ ಬಂದು ಈ ಮುದುಕನ ಬಲೆಯನ್ನೇ ಹರಿದುಕೊಂಡು ಹೋಗಿತ್ತು. ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಮುದುಕ ಕೂಗುತ್ತಿದ್ದುದನ್ನು ಅಮೀನಪ್ಪ ಹಲಗೆಯ ಮೇಲಿಂದ ನೋಡಿದ್ದ.

ಮುದುಕನಿಗೆ ಇವನ ಗುರುತು ಸಿಗಲಿಲ್ಲ. "ಸುಮ್ನೆ ನಿಂತ್ ಎಂತ ಕಾಣ್ತೆ ಮಾರಾಯಾ? ಒಂದ್ ಕೈ ಹಾಕ್" ಅಂದ.

ಅಮೀನಪ್ಪ ಹಗ್ಗ ಹಿಡಿದ. ಎರಡು ಗಂಟೆ ಎಳೆದರು. ಬಲೆ ಭಾರವಾಗಿಯೇ ಬಂತು. ಆದರೆ ದಡ ಮುಟ್ಟಿದಾಗ ಅದರಲ್ಲಿ ಏನೂ ಮಿಸುಕಲಿಲ್ಲ. ಗಾಜಿನಂತೆ ಪಾರದರ್ಶಕವಾದ, ತಿನ್ನಲು ಬಾರದ ಲೋಳೆಯಂಥ ಅಂಬಲಿ ಮೀನುಗಳ ರಾಶಿ, ಒಂದು ಮಗುವಿನ ಚಪ್ಪಲಿ, ಬೋಟಿನ ಬಲೆಯ ಹರಿದ ತುಂಡು, ಮತ್ತೆ ಅದೇ ಬೂದು ಕೆಸರು. ಎಳೆದವರಲ್ಲಿ ಯಾರೂ ಬೈಯಲಿಲ್ಲ, ನಿಟ್ಟುಸಿರು ಕೂಡ ಬಿಡಲಿಲ್ಲ. ಬಲೆ ಕೊಡವಿ ಮಡಚತೊಡಗಿದರು. ಅಮೀನಪ್ಪ ಕೆಸರನ್ನು ಮುಟ್ಟಿ ನೋಡಿದ. ಚೀಲಕ್ಕೆ ಯಾರೂ ಮಣ್ಣು ಬೆರೆಸಿರಲಿಲ್ಲ. ಮೀನು ಮುಗಿದ ಮೇಲೂ ಬೋಟುಗಳು ಎಳೆಯುತ್ತಲೇ ಇದ್ದವು. ಹೇರೋಹಳ್ಳಿಗೆ ಬರುತ್ತಿದ್ದದ್ದು ಕಡಲಿನ ತಳವೇ.

"ಅಜ್ಜಾರ, ಅವತ್ತ ನಿಮ್ಮ ಬಲಿ ಹರಿದ ಬೋಟಿನಾಗ ನಾನೂ ಇದ್ದೆ" ಅಂದ.

ಗಿರಿಯ ಮರಕಾಲ ಮಡಚುತ್ತಿದ್ದ ಬಲೆಯನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದ. ಹೊಡೆಯುತ್ತಾನೆ ಅಂತ ಅಮೀನಪ್ಪ ಕಾದ. ಮುದುಕ ಮೆಲ್ಲಗೆ ಹೇಳಿದ: "ಇವತ್ ಮಧ್ಯಾಹ್ನ ಸಭೆ ಇತ್ತ್, ಎಲ್ಲಾ ಬತ್ರ್. ದಡದ್ ಹತ್ರ ನಾವ್ ಬತ್ತೇ ಇಲ್ಲ ಅಂತ್ರ್ ಬೋಟಿನವ್ರ್. ನಾವ್ ಹೇಳಿರೆ ಯಾರೂ ನಂಬೂದಿಲ್ಲ. ನೀ ಹೇಳ್ತ್ಯಾ?"

ಊರಿನ ಸಭಾಭವನದಲ್ಲಿ ಬೋಟಿನ ಮಾಲೀಕರು ಮುಂದಿನ ಕುರ್ಚಿಗಳಲ್ಲಿದ್ದರು. ದಡದ ಜನ ಗೋಡೆಗೆ ಒರಗಿ ನಿಂತಿದ್ದರು. ಅಮೀನಪ್ಪ ಎದ್ದಾಗ ಅವನ ಧ್ವನಿ ಅವನಿಗೇ ಬೇರೆಯವರದಂತೆ ಕೇಳಿಸಿತು.

"ಬಂದೇವ್ರಿ. ಒಂಬತ್ತು ವರ್ಷ ನಾನ ಬಂದೇನಿ. ಗುಡಿ ಗೋಪುರಾನೂ ಗುಡ್ಡದ ಬೋಳು ಬಂಡೆಗಲ್ಲೂ ಒಂದ ಗೆರಿಗೆ ಬರೂತನಕ ಒಳಗ ಬರ್ತಿದ್ವಿ. ಅಲ್ಲಿಂದ ತೆಂಕಣಕ್ಕ ಎಳೀತಿದ್ವಿ. ಬೇಕಂದ್ರ ಜಾಗಾ ತೋರಸ್ತೀನಿ."

ಒಂದು ಕಾಲಕ್ಕೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಅವನ ತಾಂಡೇಲ, ಅಂದರೆ ಬೋಟು ನಡೆಸುವವನು, ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಸಭೆ ಮುಗಿದ ಮೇಲೆ ಬೋಟಿನ ಕಡೆಯ ನಾಲ್ಕು ಜನ ಅಮೀನಪ್ಪನ ತೋಳು ಹಿಡಿದು ಬಸ್ ಸ್ಟಾಂಡಿಗೆ ನಡೆಸಿಕೊಂಡು ಹೋದರು. ಆದರೆ ಅಷ್ಟರಲ್ಲಿ ಅವನು ಗಿರಿಯ ಮರಕಾಲನ ಜೊತೆ ದಡದಲ್ಲಿ ನಿಂತು, ಬೋಟು ಬರುವ ಆರು ಜಾಗಗಳನ್ನು ಬೆರಳು ಮಾಡಿ ತೋರಿಸಿ ಆಗಿತ್ತು.

ಅವನು ಬೆಂಗಳೂರು ಮುಟ್ಟುವ ಮೊದಲೇ ಬೋಟಿನವರ ಫೋನು ಮುಟ್ಟಿತ್ತು. ಚನ್ನಕೇಶವ ಗೋಡೌನಿನ ಬಾಗಿಲಲ್ಲೇ ನಿಲ್ಲಿಸಿದರು.

"ಒಳ್ಳೆ ಕೆಲಸಗಾರ ಕಣಪ್ಪಾ ನೀನು. ಆದ್ರೆ ಮಾಲು ಕಳಿಸೋರ ಮೇಲೇ ದೂರು ಹೇಳಿ ಬಂದ್ರೆ ನಾನು ಹೆಂಗಪ್ಪಾ ಇಟ್ಕೊಳ್ಳಲಿ?"

"ಅವರು ಮಣ್ಣು ಬೆರಸಿಲ್ಲ ಸಾರ್. ಅಲ್ಲಿ ಅದನ್ನ ಬಿಟ್ರ ಬ್ಯಾರೆ ಏನೂ ಉಳಿದಿಲ್ಲ" ಅಂದ ಅಮೀನಪ್ಪ.

ಚನ್ನಕೇಶವ ಪೇರಿಸಿಟ್ಟ ಚೀಲಗಳ ಕಡೆ ತಿರುಗಿ ನೋಡಿದರು. "ಹಂಗಾದ್ರೆ ಮೀನಿನ ಬದ್ಲು ಸೋಯಾ ತರಿಸ್ಬೇಕು" ಅಂದು ಒಳಗೆ ಹೋದರು.

ಮನೆಯಲ್ಲಿ ಲಕ್ಷ್ಮವ್ವ ಎಲ್ಲ ಕೇಳಿಸಿಕೊಂಡಳು. "ಖರೇನ ಹೇಳಿ ಬಂದ್ರಲ್ಲ?"

"ಹೂಂ."

"ಹಂಗಾದ್ರ ಕೈ ತೊಳಕೊಳ್ರಿ, ಉಣ್ಣಾಕ ಹಾಕ್ತೀನಿ."

ಅಮೀನಪ್ಪ ಚಂದ್ರಾ ಲೇಔಟಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ. ಆ ಮಳೆಗಾಲ ಮುಗಿದ ಮೇಲೆ ಕಿರುಕೋಡಿಯ ಜನ ಹಳೆಯ ದೋಣಿಗಳಿಗೆ ಕಲ್ಲು ತುಂಬಿ ಅವನು ತೋರಿಸಿದ ಆರೂ ಜಾಗದಲ್ಲಿ ಮುಳುಗಿಸಿದರು. ಅವಕ್ಕೆ ಸಿಕ್ಕಿ ಎರಡು ಬೋಟುಗಳ ಬಲೆ ಚಿಂದಿಯಾಯಿತು. ಜಗಳವಾಯಿತು, ಪೊಲೀಸರು ಬಂದರು, ರಾಜಿಯಾಯಿತು. ಬೋಟುಗಳು ದೂರ ಸರಿದವು. ಎಷ್ಟು ದಿನಕ್ಕೋ ಯಾರಿಗೂ ಗೊತ್ತಿರಲಿಲ್ಲ.

ಗಿರಿಯ ಮರಕಾಲ ಆಗಾಗ ಮೊಮ್ಮಗಳ ಮೊಬೈಲಿನಿಂದ ಫೋನು ಮಾಡುತ್ತಿದ್ದ. "ಎಂತದೂ ಇಲ್ಲ" ಎಂದಷ್ಟೇ ಹೇಳಿ ಇಡುತ್ತಿದ್ದ. ಒಂದೂವರೆ ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅಮೀನಪ್ಪ ಎರಡನೇ ಮಹಡಿಯಲ್ಲಿ ಇಟ್ಟಿಗೆಗೆ ನೀರು ಹಾಕುತ್ತಿದ್ದಾಗ ಫೋನು ಬಂತು.

"ಇವತ್ ಒಂದ್ ನಂಗ್ ಬಿದ್ದಿತ್ ಮಾರಾಯಾ" ಅಂದ ಮುದುಕ. ನಂಗು ಅಂದರೆ ತಳದ ಕೆಸರಿಗೆ ಅಂಟಿಕೊಂಡೇ ಬದುಕುವ ಚಪ್ಪಟೆ ಮೀನು.

ಅಮೀನಪ್ಪ ಪೈಪು ಕೆಳಗಿಟ್ಟ. "ಎಷ್ಟುದ್ದ ಇತ್ರಿ?"

"ಅಂಗೈಯಷ್ಟ್."

"ಏನ್ ಮಾಡಿದ್ರಿ?"

"ಬಿಟ್ಟೆ" ಅಂದ ಗಿರಿಯ ಮರಕಾಲ.